ಆಚೆ ದಡದ ಶಾಲೆ

ತುಂಗಭದ್ರೆಯ ದಡದಲ್ಲಿ ಮರುಳಯ್ಯ ಗುರುಗಳ ಆಶ್ರಮವಿತ್ತು. ಅವರ ಶಿಷ್ಯ ಸಂಗಣಯ್ಯ ಅಲ್ಲಿ ಮಕ್ಕಳಿಗೆ ಪಾಠ ಹೇಳುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡಿದ್ದ. ಅವನ ಕೈಯಲ್ಲಿ ಅಕ್ಷರ ತಿದ್ದಿದವರು ಎಷ್ಟೋ ಊರುಗಳಲ್ಲಿ ಮೇಷ್ಟ್ರಾಗಿದ್ದರು.

ಆಚೆ ದಡದಲ್ಲಿ ಮಾತ್ರ ಶಾಲೆಯೇ ಇರಲಿಲ್ಲ.

ಒಂದು ದಿನ ಅಲ್ಲಿಯ ಅಂಬಿಗ ದುರುಗಪ್ಪ ಬಂದು ಕೈಮುಗಿದ. "ಅಯ್ನೋರ, ನಮ್ಮ ಕಡೆ ಒಂದು ಸಾಲಿ ತೆಗೀರಿ."

"ನಾನು ಕಲಿಯುವುದು ಇನ್ನೂ ಇದೆ ದುರುಗಪ್ಪ. ಮುಗಿಯಲಿ, ಬರುತ್ತೇನೆ."

"ನಮ್ಮಪ್ಪ ಕೇಳಿದಾಗ್ಲೂ ಹಿಂಗ ಅಂದಿದ್ರಿ. ಆವಾಗ ನಾನು ಸಣ್ಣಾಂವ. ಈಗ ನನ್ನ ಮಗಳ ಸಲುವಾಗಿ ಕೇಳಾಕ ಬಂದೀನ್ರಿ."

ಆ ಮಾತು ಸಂಗಣಯ್ಯನ ಎದೆಗೆ ನಾಟಿತು. ನೇರ ಗುರುಗಳ ಬಳಿ ಹೋದ.

"ಗುರುಗಳೇ, ಶಾಲೆ ತೆರೆಯುವಷ್ಟು ನಾನು ಕಲಿತಿದ್ದೇನೆಯೇ?"

"ಇಲ್ಲ."

"ಹಾಗಾದರೆ ಇಲ್ಲೇ ಇರಲೇ?"

ಗುರುಗಳು ಎದ್ದರು. ಪಡಸಾಲೆಯಲ್ಲಿ ಅವನು ಪಾಠಕ್ಕೆ ಕೂರುತ್ತಿದ್ದ ಚಾಪೆಯನ್ನು ಸುತ್ತಿ ಅವನ ಕಂಕುಳಿಗೆ ಸಿಕ್ಕಿಸಿದರು.

"ಇನ್ನು ಇಲ್ಲಿ ನಿನಗೆ ಜಾಗವಿಲ್ಲ."

ಸಂಗಣಯ್ಯನ ಕಣ್ಣು ತುಂಬಿ ಬಂತು. ತನ್ನಿಂದ ಏನೋ ತಪ್ಪಾಯಿತೆಂದುಕೊಂಡ. ಚಾಪೆ ಹಿಡಿದುಕೊಂಡೇ ದುರುಗಪ್ಪನ ಹರಿಗೋಲು ಹತ್ತಿದ.

ಆಚೆ ದಡದ ಹೊಂಗೆ ಮರದಡಿ ನೆಲ ಗುಡಿಸಿ, ಅಕ್ಷರ ತಿದ್ದಲು ಮರಳು ಹರಡಿ ಶಾಲೆ ತೆರೆದ. ಮೊದಲ ದಿನ ಮಕ್ಕಳು ಬಂದು ಕೂತವು. ಅವುಗಳ ಹಿಂದೆ ಸದ್ದಿಲ್ಲದೆ ಬಂದು ಕೂತವರು ಮರುಳಯ್ಯ ಗುರುಗಳು.

ಸಂಗಣಯ್ಯ ಚಾಪೆಯ ಮೇಲೆ ನೆಟ್ಟಗೆ ಕೂತ.

ಅವನು ಪಾಠ ಶುರುಮಾಡುವ ಮೊದಲೇ ದುರುಗಪ್ಪನ ಮಗಳು ಹುಲಿಗೆವ್ವ ಎದ್ದು ನಿಂತಳು.

"ಅಯ್ನೋರ, ಹೊಳ್ಯಾಗಿನ ಮೀನು ನಿದ್ದಿ ಮಾಡ್ತಾವೇನ್ರಿ?"

ಅವನಿಗೆ ಗೊತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಯಾವುದಾದರೂ ಶ್ಲೋಕ ಹೇಳಿ ಪಾರಾಗುವುದು ಅವನ ಹಳೆಯ ರೂಢಿ. ಒಂದು ಶ್ಲೋಕ ನಾಲಗೆಯ ತುದಿಗೂ ಬಂತು. ಗುರುಗಳ ಕಡೆ ನೋಡಿದ. ಅವರೂ ಹುಡುಗಿಯ ಹಾಗೆಯೇ ಉತ್ತರಕ್ಕೆ ಕಾಯುತ್ತಿದ್ದರು.

"ನನಗೆ ಗೊತ್ತಿಲ್ಲ ಮಗಳೇ," ಎಂದ. "ನಾಳೆ ಬೆಳಗ್ಗೆ ಎಲ್ಲರೂ ಹೊಳೆಗೆ ಹೋಗಿ ನೋಡೋಣ."

ಮಕ್ಕಳು ಹೋ ಎಂದು ಕುಣಿದವು.

ಶಾಲೆ ಬಿಟ್ಟ ಮೇಲೆ ಸಂಗಣಯ್ಯ ಗುರುಗಳ ಕಾಲಿಗೆರಗಿದ. "ಮೊದಲ ಪ್ರಶ್ನೆಗೇ ಉತ್ತರ ಬರಲಿಲ್ಲ ಗುರುಗಳೇ. ಈ ಶಾಲೆ ನಡೆದೀತೇ?"

ಅಷ್ಟರಲ್ಲಿ ದುರುಗಪ್ಪ ಹರಿಗೋಲು ತಂದು ನಿಲ್ಲಿಸಿದ. "ಬರ್ರಿ ಅಜ್ಜಾರ, ಆಶ್ರಮಕ್ಕ ಬಿಟ್ಟು ಬರ್ತೀನಿ. ಹೊತ್ತಾತು."

ಗುರುಗಳು ಕೂತಲ್ಲಿಂದ ಏಳಲಿಲ್ಲ.

"ನೀನು ಹೋಗಪ್ಪ. ನಾಳೆ ಬೆಳಗ್ಗೆ ನನಗೆ ಶಾಲೆ ಇದೆ."