ಜಕ್ಕಮ್ಮ ತಾಯಿಯವರು ಸೋಮವಾರದ ಉಪವಾಸ ಬಿಟ್ಟದ್ದು

ಮಾತೋಶ್ರೀ ಜಕ್ಕಮ್ಮ ತಾಯಿಯವರ ಮಠ ದೊಡ್ಡದೇನಲ್ಲ. ಕರಿಕಲ್ಲಿನ ಎರಡು ಕೋಣೆ, ಮುಂದೆ ತಗಡಿನ ಚಪ್ಪರ, ಪಕ್ಕದಲ್ಲಿ ದಾಸೋಹದ ಒಲೆ, ಅಷ್ಟೇ. ಬಂದವರು ಯಾರೇ ಆಗಲಿ, ಉಂಡು ಹೋಗಬೇಕೆಂಬುದು ಅವರ ನಿಯಮ. ಆದರೆ ತಾವು ಮಾತ್ರ ಸೋಮವಾರ ಏನನ್ನೂ ಸೇವಿಸುತ್ತಿರಲಿಲ್ಲ. ಚಿಕ್ಕ ವಯಸ್ಸಿನಲ್ಲಿ ಗುರುಗಳ ಮುಂದೆ ಹಿಡಿದ ವ್ರತವದು. ಜ್ವರ ಬಂದಾಗಲೂ ಬಿಟ್ಟವರಲ್ಲ. ಇದನ್ನು ಮೊದಲೇ ಹೇಳಲು ಕಾರಣವಿದೆ. ಇದು ತಿಳಿಯದಿದ್ದರೆ, ಅಂದು ಚಪ್ಪರದಲ್ಲಿದ್ದವರೆಲ್ಲ ಗರಬಡಿದವರಂತೆ ನಿಂತದ್ದೇಕೆ ಎಂಬುದು ಓದುಗರಿಗೆ ಅರ್ಥವಾಗಲಾರದು.

ತಾಯಿಯವರ ಬಳಿ ಬಂದು ವ್ರತ ಹಿಡಿಯುವವರ ತೋಳಿಗೆ ಅರಿಶಿನದ ದಾರ ಕಟ್ಟುವ ರೂಢಿಯಿತ್ತು. ಒಂದು ಸೋಮವಾರ ಮಧ್ಯಾಹ್ನ ಬಾಳವ್ವ ಎಂಬ ಮುದುಕಿ ಆ ದಾರ ಕಟ್ಟಿಸಲೆಂದು ಮೊಮ್ಮಗಳು ರೇಣವ್ವನನ್ನು ಎಳೆದುಕೊಂಡೇ ಬಂದಳು. ಹುಡುಗಿ ಒಂಬತ್ತನೇ ಇಯತ್ತೆ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ಕಣ್ಣಿಗೆ ಕತ್ತಲೆ ಬಂದು ಬಿದ್ದಿದ್ದಳು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದ್ದರು.

"ಅವ್ವಾರ, ಇಕಿಗೆ ಸಕ್ರಿ ಬ್ಯಾನಿ ಬರೂ ಹಂಗ ಐತಂತರಿ!" ಎಂದು ಬಾಳವ್ವ ಹಣೆ ಹಣೆ ಬಡಿದುಕೊಂಡಳು. "ಅದು ಉಂಡು ಉಬ್ಬಿದ ಸಾಹುಕಾರರಿಗೆ ಬರೂದು. ಈ ಕಡ್ಡಿಗೆ ಹೆಂಗ ಬಂತು? ಬೆಲ್ಲದ ಗಡಗಿಗೆ ಕೈ ಹಾಕ್ಯಾಳ ಕಳ್ಳಿ. ನಾಳೆ ಇಕಿನ್ನ ಯಾರು ಮಾಡ್ಕೋತಾರ?"

"ನಾ ಕದ್ದಿಲ್ಲ ಆಯಿ."

"ಬಾಯಿ ಮುಚ್ಚ! ಅವ್ವಾರ, ದಾರ ಕಟ್ರಿ. ಸೋಮವಾರ ಅಷ್ಟ ಅಲ್ಲ, ಗುರುವಾರನೂ ಉಪಾಸ ಹೇಳ್ರಿ. ಬಾಯಿ ಕಟ್ಟಿದ್ರ ಸಕ್ರಿ ಇಳೀತೈತಿ."

ಬಾಳವ್ವ ಕೆಟ್ಟವಳಲ್ಲ. ತಾಯಿಯಿಲ್ಲದ ಮೊಮ್ಮಗಳನ್ನೂ ಅವಳ ಅಣ್ಣನನ್ನೂ ಎದೆಗವಚಿಕೊಂಡು ಬೆಳೆಸಿದವಳು. ಆದರೆ 'ಸಕ್ಕರೆ' ಎಂದು ಕಿವಿಗೆ ಬಿದ್ದೊಡನೆ ಹುಡುಗಿಯನ್ನು ಒಳಗೇ ಬಿಟ್ಟು, ಡಾಕ್ಟರರ ಮುಂದಿನ ಮಾತು ಕೇಳದೆ ಎದ್ದುಬಂದಿದ್ದಳು. ಹೆಚ್ಚು ತಿಂದದ್ದಕ್ಕೆ ಬಂದ ರೋಗ, ತಿನ್ನದಿದ್ದರೆ ಹೋಗುತ್ತದೆ ಎಂದು ತಾನೇ ತೀರ್ಮಾನಿಸಿ, ಹುಡುಗಿಯ ರೊಟ್ಟಿಯನ್ನು ಅರ್ಧ ಮಾಡಿದ್ದಳು. ನಿಜಸಂಗತಿ ಬೇರೆ. ಬೆಳೆಯುವ ವಯಸ್ಸಿನಲ್ಲಿ ಅರೆಹೊಟ್ಟೆಯಲ್ಲಿ ಸೊರಗಿದ ಮೈಗೂ ಆ ರೋಗ ಬರಬಹುದು.

ತಾಯಿಯವರು ದಾರ ಕೈಗೆತ್ತಿಕೊಂಡರು. ದೊಡ್ಡವರ ತೋಳಿಗೆ ಒಂದು ಸುತ್ತು ಬಂದು ಗಂಟಿಗೆ ಸರಿಹೋಗುವಷ್ಟು ಉದ್ದದ ದಾರವದು. ರೇಣವ್ವನ ತೋಳಿಗೆ ಎರಡು ಸುತ್ತು ಬಂದು, ಇನ್ನೂ ಜೋತಾಡಿತು. ತಾಯಿಯವರ ಕೈ ಅಲ್ಲೇ ನಿಂತಿತು.

"ಮುಂಜಾನೆ ಏನು ಉಂಡಿ, ಯವ್ವಾ?"

"ಚಾ ಕುಡದೇನ್ರಿ."

"ನಿನ್ನೆ?"

"ಎಲ್ಲಾರೂ ಉಂಡ ಮ್ಯಾಲೆ ಅರ್ಧಾ ರೊಟ್ಟಿ ಇತ್ತರಿ."

"ಡಾಕ್ಟರು ಏನಂದ್ರು?"

ಹುಡುಗಿ ಅಜ್ಜಿಯತ್ತ ಹೆದರಿ ನೋಡಿದಳು. "ಹೊಟ್ಟಿ ತುಂಬ ಉಣ್ಣು ಅಂದ್ರರಿ. ಬ್ಯಾಳಿ, ಮಸರು, ಕಾಯಿಪಲ್ಯೆ, ತತ್ತಿ."

"ಮಠದಾಗ ನಿಂತು ತತ್ತಿ ಅಂತಾಳಲ್ಲೋ!" ಎಂದು ಮೊಟ್ಟೆಯ ಮಾತಿಗೆ ಹಿಂದಿನಿಂದ ಯಾರೋ ನಕ್ಕರು. ತಾಯಿಯವರು ನಗಲಿಲ್ಲ.

"ಸೋಮವಾರ ಏನು ಉಣ್ತಿ?"

"ಉಪಾಸರಿ. ನಮ್ಮ ಓಣಿ ಹುಡುಗ್ಯಾರೆಲ್ಲ ಮಾಡ್ತೀವಿ."

"ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ," ಎಂದಳು ರೇಣವ್ವ. "ನೀವು ಮಾಡ್ತೀರಲ್ರಿ."

ತಾಯಿಯವರ ಮುಖದ ಕಳೆಯೇ ಇಳಿದುಹೋಯಿತು. ಆಮೇಲೆ ದಾಸೋಹದ ಮಲಕಪ್ಪನನ್ನು ಕೂಗಿ, "ಎರಡು ತಾಟು ತಾ" ಎಂದರು.

"ಅವ್ವಾರ, ಇವತ್ತು ಸೋಮವಾರರಿ!"

"ಗೊತ್ತೈತಿ. ಎರಡು."

ನೆಲದ ಮೇಲೆ ಹುಡುಗಿಯ ಪಕ್ಕದಲ್ಲಿ ಕುಳಿತರು. ಬೇಳೆ ಕಲಸಿದ ಮೊದಲ ತುತ್ತನ್ನು ಅವಳ ಬಾಯಿಗಿಟ್ಟರು. ಎರಡನೆಯದನ್ನು ತಾವೇ ಉಂಡರು. "ಶಿವಶಿವಾ!" ಎಂದು ಒಬ್ಬಾಕೆ ಚೀರಿದಳು. ಮಲಕಪ್ಪನ ಕೈಯಿಂದ ಸೌಟು ಬಿತ್ತು. ಯಾರಿಗೂ ತಮ್ಮ ಕಣ್ಣನ್ನೇ ನಂಬಲಾಗಲಿಲ್ಲ.

ತಾಯಿಯವರು ತಲೆಯೆತ್ತಿ ಹೇಳಿದ್ದು ಇಷ್ಟೇ: "ಉಪಾಸ ಉಂಡವರಿಗೆ. ಈ ಕೂಸಿಗೆ ಬಿಡಾಕ ಏನಿತ್ತು, ಬಾಳವ್ವಾ?"

ಅಷ್ಟರಲ್ಲಿ ರೇಣವ್ವ ಅರ್ಧಕ್ಕೇ ಉಣ್ಣುವುದನ್ನು ನಿಲ್ಲಿಸಿ, ತಾಟನ್ನು ಅಜ್ಜಿಯತ್ತ ಸರಿಸಿ, "ಉಳದದ್ದು ಅಣ್ಣಗ ಒಯ್ಯೂಣು, ಆಯಿ?" ಎಂದಳು. ಅದನ್ನು ಕೇಳಿದ್ದೇ ಮುದುಕಿ ಅವಳ ಪಕ್ಕಕ್ಕೆ ಬಂದು ಕುಳಿತಳು. ಉಳಿದ ಅನ್ನವನ್ನೆಲ್ಲ ತಾನೇ ಕಲಸಿ, ಅಳುತ್ತ, ಒಂದೊಂದೇ ತುತ್ತು ಉಣಿಸಿದಳು.

ರೇಣವ್ವ ಅಂದೇ ಗುಣವಾದಳೆಂದು ಬರೆದರೆ ಸುಳ್ಳಾಗುತ್ತದೆ. ಕೆಲ ದಿನಗಳಲ್ಲೇ ಬಾಳವ್ವ ಮತ್ತೆ ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು, ಈ ಸಲ ಕೊನೆಯವರೆಗೂ ಕುಳಿತು ಕೇಳಿದಳು. ಆದರೆ ಮಠಕ್ಕೆ ಹೋಗಿದ್ದ ಆ ಸೋಮವಾರವೇ, ದೀಪ ಹಚ್ಚುವ ಹೊತ್ತಿಗೆ ಹೊಲದಿಂದ ಬಂದ ಬಾಳವ್ವನ ಮಗ, ಗಂಡಸರು ಉಣ್ಣುವ ಮೊದಲೇ ಒಲೆಯ ಮುಂದೆ ಕುಳಿತು ಉಣ್ಣುತ್ತಿದ್ದ ಹುಡುಗಿಯನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ.

"ಯವ್ವಾ, ನನಗ?"

ಬಾಳವ್ವ ಮೊಮ್ಮಗಳ ತಾಟಿಗೆ ಮೊಸರು ಸುರಿಯುತ್ತಲೇ ಹೇಳಿದಳು: "ಕೈಕಾಲು ತೊಳಕೊಂಡು ಕುಂದ್ರು. ಇಕಿದು ಆಗಲಿ."