ಹೊನ್ನಾಜಿಯ ಕೊಳದಲ್ಲಿ ಬಿಸಿಲು ನೀರೆತ್ತಿದ ಕತೆ

“ಬೆಳ್ಳಿಗುಡ್ಡದ ಪ್ರಜೆಗಳೆಲ್ಲ ಕೇಳಿರಿ! ಅರಮನೆಯ ಈಜುಕೊಳದ ಪಂಪನ್ನು ಬಿಸಿಲಿನಿಂದ ನಡೆಸಬಲ್ಲವರು ಯಾರಿದ್ದರೂ ಬರಬಹುದು. ರಾಜಕುಮಾರಿ ಹೊನ್ನಾಜಿಯವರು ಮೂರು ಒಗಟು ಕೇಳುವರು. ಮೂರನ್ನೂ ಬಿಡಿಸಿ ಪಂಪು ನಡೆಸಿದವರಿಗೆ ಒಂದು ಊರು ಉಂಬಳಿ. ಒಂದು ತಪ್ಪಿದರೂ ತಲೆದಂಡ!”

ಡಂಗುರ ಕೇಳಿದ ಜನ ಬೆಚ್ಚಿದರು. ರಾಜ ಸರ್ಜಪ್ಪ ನಾಯಕ ಕ್ರೂರಿಯೇನಲ್ಲ. ಅವನ ಒಬ್ಬಳೇ ಮಗಳು ಹೊನ್ನಾಜಿಗೆ ಹನ್ನೆರಡನೆಯ ವಯಸ್ಸಿನಲ್ಲಿ ಜ್ವರ ಬಂದು ಕಾಲಿನ ಬಲ ಹೋಗಿತ್ತು. ನೆಲದ ಮೇಲೆ ನಾಲ್ಕು ಹೆಜ್ಜೆಗೇ ಸುಸ್ತಾಗುವವಳು ನೀರಿಗಿಳಿದರೆ ಮೀನಾಗುತ್ತಿದ್ದಳು. ಅವಳಿಗೆಂದೇ ರಾಜ ಕೊಳ ಕಟ್ಟಿಸಿದ. ಕೊಳದ ನೀರನ್ನು ಎಳೆದು, ಮರಳಿನಲ್ಲಿ ಸೋಸಿ, ಮತ್ತೆ ಕೊಳಕ್ಕೆ ಬಿಡಲು ಎಣ್ಣೆ ಎಂಜಿನ್ನಿನ ಪಂಪು ಇತ್ತು. ಅದರ ಹೊಗೆಗೆ ಹುಡುಗಿ ಕೆಮ್ಮಿ ಕೆಮ್ಮಿ ಬಳಲುತ್ತಿದ್ದಳು.

ಒಮ್ಮೆ ಮಾತುಗಾರನೊಬ್ಬ ಬಂದು ಎಂಜಿನ್ನು ಕೀಳಿಸಿ, ಮೋಟಾರು ಕೂರಿಸಿ, ಮಾಳಿಗೆಯ ಮೇಲೆ ಬಿಸಿಲಿನಿಂದ ಕರೆಂಟು ಮಾಡುವ ಬಿಸಿಲಹಲಗೆ ಜೋಡಿಸಿ, ಹೇಗೋ ತಂತಿ ಎಳೆದ. ಅಂದೇ, ಹೊನ್ನಾಜಿಯನ್ನು ಎತ್ತಿ ಆಡಿಸಿ ಬೆಳೆಸಿದ ಗೌರವ್ವ ನೀರು ಬೆಚ್ಚಗಿದೆಯೇ ಎಂದು ನೋಡಲು ಕೈ ಅದ್ದಿದಳು. ಕರೆಂಟು ಹೊಡೆದು ಅಲ್ಲೇ ಸತ್ತಳು. ಮಾತುಗಾರ ಓಡಿಹೋದ. ಅಂದಿನಿಂದ ಕೊಳಕ್ಕೆ ಯಾರೂ ಇಳಿಯಲಿಲ್ಲ. ನೀರು ಪಾಚಿಗಟ್ಟಿತು, ಹೊನ್ನಾಜಿಯ ಕಾಲು ಮತ್ತೆ ಸೊರಗಿತು.

“ತಿಳಿಯದವರ ಕೈ ಇನ್ನು ನನ್ನ ನೀರಿಗೆ ತಾಗಬಾರದು, ಅಪ್ಪಾಜಿ,” ಎಂದು ಅವಳು ವರುಷವಿಡೀ ಓದಿ ಮೂರು ಒಗಟು ಹೆಣೆದಳು. ತಲೆದಂಡ ಸೇರಿಸಿದವನು ರಾಜ.

ಮೊದಲು ನೆರೆನಾಡಿನ ರಾಜಕುಮಾರ ಬಂದ. ಹೊನ್ನಾಜಿ ಕೇಳಿದಳು: “ಅದಕ್ಕೆ ಬಾಯಿಲ್ಲ, ದಿನವೂ ಸೂರ್ಯನ ಮನೆಯಲ್ಲಿ ಉಣ್ಣುತ್ತದೆ. ಒಂದರ ಮೇಲೆ ನೆರಳು ಬಿದ್ದರೆ ಸಾಲಿನಲ್ಲಿರುವ ಎಲ್ಲವೂ ಹಸಿಯುತ್ತವೆ. ಯಾವುದದು?”

“ಸೂರ್ಯಕಾಂತಿ ಹೂವು!” ಎಂದು ಅವನು ನಕ್ಕ. ತಲೆದಂಡದ ದಿನದವರೆಗೆ ಇರಲೆಂದು ಕಾವಲಿನವರು ಅವನನ್ನು ಸೆರೆಗೆ ಒಯ್ದರು.

ಮರುದಿನ ಗಾಜಿನ ವ್ಯಾಪಾರಿಯೊಬ್ಬ ಬಂದ. ಮೊದಲನೆಯದನ್ನು ಬಿಡಿಸಿದ. ಹೊನ್ನಾಜಿ ಎರಡನೆಯದನ್ನು ಕೇಳಿದಳು: “ಏಳುವಾಗ ಅವನಿಗೆ ಆನೆಯ ಊಟ ಬೇಕು. ನಡೆಯತೊಡಗಿದರೆ ಅಷ್ಟು ಬೇಡ. ನಡಿಗೆಯನ್ನು ಅರ್ಧ ಮಾಡಿದರೆ ಎಂಟರಲ್ಲೊಂದು ತುತ್ತು ಸಾಕು ಎನ್ನುತ್ತಾನೆ. ಯಾರವನು?”

“ಗಾ... ಗಾಣದ ಎತ್ತು,” ಎಂದ ವ್ಯಾಪಾರಿ. ಅವನೂ ಸೆರೆ ಸೇರಿದ.

ಪೇಟೆಯ ಮೂಲೆಯಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಬದುಕುತ್ತಿದ್ದ ಬೋರಯ್ಯನೆಂಬ ತರುಣ ಇದನ್ನೆಲ್ಲ ಕೇಳಿ ಎದ್ದು ನಿಂತ.

“ಬೇಡ ಕಣಪ್ಪ,” ಅವನ ತಾಯಿ ಅಂಗಿ ಹಿಡಿದಳು. “ತಲೆ ಹೋದ್ಮೇಲೆ ಊರು ತಗೊಂಡು ಏನ್ಮಾಡ್ತೀಯ?”

“ಊರಿಗಲ್ಲವ್ವಾ. ಆ ಮಾತುಗಾರ ಹಂಗೆ ತಂತಿ ಎಳೆದು ಓಡಿಹೋದಾಗಿಂದ ನಮ್ಮ ಕಸುಬಿಗೇ ಕಳಂಕ ಬಂದೈತೆ.”

ಸಭೆಯಲ್ಲಿ ಅವನ ಮಾಸಿದ ಅಂಗಿ ಕಂಡು ಕೆಲವರು ನಕ್ಕರು. ಅವನು ಮೊದಲನೆಯದಕ್ಕೆ, “ಬಿಸಿಲಹಲಗೆ, ತಾಯಿ,” ಎಂದ. ಎರಡನೆಯದಕ್ಕೆ, “ಪಂಪಿನ ಮೋಟಾರು,” ಎಂದ. ನಗು ನಿಂತಿತು.

ಹೊನ್ನಾಜಿ ಊರುಗೋಲನ್ನು ಬಿಗಿಯಾಗಿ ಹಿಡಿದಳು. “ಮೂವರು ಅಣ್ಣತಮ್ಮಂದಿರು ಒಂದೇ ಮನೆಗೆ ಬರುತ್ತಾರೆ. ಇಬ್ಬರು ದುಡಿಯುತ್ತಾರೆ. ಮೂರನೆಯವನು ಕೆಲಸವಿಲ್ಲದೆ ಮಣ್ಣಿನಲ್ಲಿ ಕಾಲು ಹೂತು ಮಲಗಿರುತ್ತಾನೆ. ಆದರೂ ಅವನಿಲ್ಲದ ಮನೆಯ ನೀರಿಗೆ ನಾನು ಇಳಿಯುವುದಿಲ್ಲ. ಯಾರವನು?”

ಬೋರಯ್ಯನಿಗೆ ಉತ್ತರ ಒಡನೆ ಹೊಳೆಯಿತು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ರಾಜನ ಕೈ ಕತ್ತಿಯ ಹಿಡಿಯ ಮೇಲಿತ್ತು.

“ಅರ್ತಿಂಗ್ ತಂತಿ, ತಾಯಿ,” ಎಂದ ಮೆಲ್ಲಗೆ. “ಗೌರವ್ವನವರು ತೀರಿಕೊಂಡ ದಿನ ಅದೊಂದು ಇರಲಿಲ್ಲ.”

ಹೊನ್ನಾಜಿ ಮುಖ ಮುಚ್ಚಿಕೊಂಡು ಅತ್ತಳು.

“ಬಿಡಿಸಿ ಹೇಳು,” ಎಂದ ರಾಜ.

“ಹಲಗೆಗಳು ಕೈ ಕೈ ಹಿಡಿದು ನಿಂತ ಹಾಗೆ, ಬುದ್ಧಿ. ಒಂದು ಸೊರಗಿದರೆ ಸಾಲೇ ಸೊರಗುತ್ತದೆ. ಮಾಳಿಗೆಯ ಮೇಲೆ ಬಾಗಿರುವ ಆ ಬೇವಿನ ಕೊಂಬೆ ಕಡಿಸಬೇಕು. ಮೋಟಾರನ್ನು ಒಮ್ಮೆಲೇ ಓಡಿಸದೆ ಮೆಲ್ಲಗೆ ಎಬ್ಬಿಸಬೇಕು. ಅರ್ಧ ವೇಗದಲ್ಲಿ ನಡೆಸಿದರೆ ನೀರು ಅರ್ಧ ಬರುತ್ತದೆ, ಶಕ್ತಿ ಮಾತ್ರ ಎಂಟರಲ್ಲೊಂದು ಪಾಲು ಸಾಕು. ಬಿಸಿಲಿರುವಷ್ಟು ಹೊತ್ತೂ ನಿಧಾನವಾಗಿ ನಡೆಯಲಿ, ಕತ್ತಲಾದರೆ ನಿಲ್ಲಲಿ. ಹಗಲು ಸೋಸಿದ ನೀರು ಬೆಳಗಿನವರೆಗೆ ಕೆಡುವುದಿಲ್ಲ. ಇನ್ನು ಮೂರನೆಯ ತಂತಿ. ಕರೆಂಟು ಹೊತ್ತು ದುಡಿಯುವುದು ಉಳಿದೆರಡು. ಕರೆಂಟು ದಾರಿ ತಪ್ಪಿ ಪಂಪಿನ ಮೈಗೆ ಬಂದರೆ ಅದನ್ನು ಭೂಮಿತಾಯಿಗೆ ಒಪ್ಪಿಸುವುದೇ ಅದರ ಕೆಲಸ. ಹಾಗೆ ಹರಿದ ಕೂಡಲೇ ಎಲ್ಲವನ್ನೂ ನಿಲ್ಲಿಸುವ ಕಾವಲು ಸ್ವಿಚ್ಚನ್ನೂ ಕೂರಿಸುತ್ತೇನೆ.”

ರಾಜ ಸಿಂಹಾಸನದಿಂದಿಳಿದು ಬಂದ. “ಪಂಪು ನಡೆದ ದಿನ ಊರು ನಿನ್ನದು. ಇನ್ನೇನು ಬೇಕು, ಕೇಳು.”

“ಸೆರೆಯಲ್ಲಿರುವ ಆ ಇಬ್ಬರ ಜೀವ, ಬುದ್ಧಿ. ತಿಳಿಯದೆ ಹೇಳಿದರು, ತಿಳಿಯದೆ ತಂತಿ ಮುಟ್ಟಲಿಲ್ಲವಲ್ಲ.”

ರಾಜ ಮಗಳತ್ತ ನೋಡಿದ. ಅವಳು ತಲೆಯಾಡಿಸಿದಳು. ಅಂದೇ ಇಬ್ಬರಿಗೂ ಬಿಡುಗಡೆಯಾಯಿತು.

ಬೋರಯ್ಯ ಒಂಬತ್ತು ದಿನ ದುಡಿದ. ಪಾಚಿ ತೆಗೆಸಿ ಹೊಸ ನೀರು ತುಂಬಿಸಿದ, ಒದ್ದೆ ಮಣ್ಣು ಸಿಗುವವರೆಗೆ ಗುಂಡಿ ತೋಡಿ ತಾಮ್ರದ ಪಟ್ಟಿ ಹೂತ. ಹತ್ತನೆಯ ಬೆಳಗ್ಗೆ ಊರೇ ಕೊಳದ ಸುತ್ತ ನೆರೆಯಿತು. ಗುಡ್ಡದ ಮೇಲೆ ಸೂರ್ಯ ಏರಿದಂತೆ ಜೇನುನೊಣದಂಥ ಒಂದು ಸಣ್ಣ ದನಿ ಎದ್ದಿತು. ಹೊಗೆಯಿಲ್ಲ, ಎತ್ತಿಲ್ಲ, ಯಾರ ಕೈಯೂ ಇಲ್ಲ. ನಿಂತ ನೀರು ನಡುಗಿತು, ತಿರುಗಿತು, ತೂಬಿನಿಂದ ತಿಳಿಯಾಗಿ ಸುರಿಯತೊಡಗಿತು. ಮುದುಕರು ತಮಗೇ ತಿಳಿಯದೆ ಕೈ ಮುಗಿದರು.

ಬೋರಯ್ಯ ತಾನೇ ಮೊದಲು ಇಳಿದು ಎದೆಮಟ್ಟ ನೀರಿನಲ್ಲಿ ನಿಂತ. ಆಮೇಲೆ ಹೊನ್ನಾಜಿ ಊರುಗೋಲು ಬದಿಗಿಟ್ಟು ಮೆಟ್ಟಿಲಿಳಿದಳು. ಅವಳ ಕಾಲು ನೀರಿನಲ್ಲಿ ಹಗುರಾಯಿತು. ನಡುಗೊಳದವರೆಗೆ ಈಜಿ, ಅಂಗಾತ ತೇಲುತ್ತ ಆಕಾಶ ನೋಡಿದಳು.

“ಅಪ್ಪಾಜೀ!” ಎಂದು ಕೂಗಿದಳು. “ಎಷ್ಟು ದೂರದಲ್ಲಿದ್ದಾನೆ ಸೂರ್ಯ! ಅಲ್ಲಿಂದಲೇ ನನಗೆ ನೀರೆತ್ತಿ ಕೊಡುತ್ತಿದ್ದಾನೆ!”

ಸರ್ಜಪ್ಪ ನಾಯಕ ರುಮಾಲು ತೆಗೆದು ಬರಿತಲೆಯಲ್ಲಿ ಆ ಬಿಸಿಲಿಗೆ ನಿಂತ, ಮಗಳು ಈಜಿ ದಣಿಯುವವರೆಗೂ.