ಕರಡಿಯ ನಾಲಗೆಗೆ ಕಾವಲು ಕೂತ ಎಲೆ

ಆಗಿನ್ನೂ ಲೋಕ ಹೊಸದು, ಮಕ್ಕಳೇ. ಆಕಾಶಕ್ಕೆ ಬಳಿದ ನೀಲಿ ಒಣಗಿರಲಿಲ್ಲ. ಹಾರುವ ಹಕ್ಕಿಗಳ ರೆಕ್ಕೆಗೆಲ್ಲ ಬಣ್ಣ ಮೆತ್ತಿಕೊಳ್ಳುತ್ತಿತ್ತು. ಈ ಸುದ್ದಿಯನ್ನು ಹೊಳೆಯೇ ನನ್ನ ಮುತ್ತಜ್ಜನ ಮುತ್ತಜ್ಜನಿಗೆ ಹೇಳಿದ್ದು. ಓದಿದವರಿಗೆ ಗೊತ್ತಿಲ್ಲ. ನನಗೊಬ್ಬನಿಗೇ ಗೊತ್ತು.

ಆಗ ಎಲ್ಲವೂ ಸಿಹಿ. ಬೇವೂ ಸಿಹಿ, ಹುಣಸೆಯೂ ಸಿಹಿ, ಹೊಳೆ ದಂಡೆಯ ಸಣ್ಣ ಬಳ್ಳಿಯೂ ಸಿಹಿ. ಯಾರ ಮನೆಗೆ ಯಾರೇ ಬರಲಿ, ಒಂದು ಚೂರು ಬೆಲ್ಲ, ಕುಡಿಯಲು ನೀರು ಕೊಡಬೇಕು. ಬಂದವರು ಆ ಒಂದು ಚೂರನ್ನು ಬಾಯಿಗೆ ಹಾಕಿಕೊಳ್ಳಬೇಕು. ಅದು ಕಾಡಿನ ಪದ್ಧತಿ.

ಕರಡಿಯಣ್ಣ ಮಾತ್ರ ಒಂದು ಚೂರಿಗೆ ನಿಲ್ಲುವವನಲ್ಲ. ಬೆಳಗ್ಗೆ ಮೊಲದ ಮನೆ, ಆಮೇಲೆ ಮುಂಗುಸಿ ಮನೆ, ಆಮೇಲೆ ಜೇನಕ್ಕನ ಮನೆ. "ಚೆನ್ನಾಗಿದ್ದೀರಾ?" ಅನ್ನುವುದು, ಗಡಿಗೆಯನ್ನೇ ಬಾಯಿಗೆ ಬಗ್ಗಿಸುವುದು. ಆದರೂ ನನಗಿಂತ ಕಡಿಮೆಯೇ ಬಿಡಿ. ನಾನು ಒಂದೇ ಪಂಕ್ತಿಯಲ್ಲಿ ನಲವತ್ತು ಹೋಳಿಗೆ ತಿಂದವನು!

ತಿಂದು ತಿಂದು ಅವನಿಗೆ ಬಾಯಾರಿಕೆ ಹತ್ತಿತು. ಎಂಥ ಬಾಯಾರಿಕೆ! ಒಂದು ಗುಟುಕಿಗೆ ಒಂದು ಮಡು ಖಾಲಿ. ಕುಡಿಯುವುದು, ಪೊದೆ ಹಿಂದೆ ಓಡುವುದು; ಕುಡಿಯುವುದು, ಪೊದೆ ಹಿಂದೆ ಓಡುವುದು. ಅವನು ಉಚ್ಚೆ ಹೊಯ್ದಲ್ಲೆಲ್ಲ ಇರುವೆಗಳಿಗೆ ಔತಣ! ಕಾಲಿನ ಮುಳ್ಳುಗಾಯ ಮಾಯಲಿಲ್ಲ. ಕಣ್ಣು ಮಂಜಾಯಿತು. ಒಂದು ದಿನ ಬಂಡೆಯನ್ನೇ ಆನೆ ಅಂದುಕೊಂಡು, "ನಮಸ್ಕಾರ ಮಾವ, ಬೆಲ್ಲ ಇದೆಯಾ?" ಅಂದ.

ಹೊಳೆ ಸೊರಗಿ ದಾರದಷ್ಟಾಯಿತು. "ಕರಡಿಯಣ್ಣ, ಇನ್ನೆರಡು ದಿನ ಹೀಗೇ ಕುಡಿದರೆ ನಾನೂ ಇರಲ್ಲ, ನೀನೂ ಇರಲ್ಲ," ಅಂದಿತು.

"ಏನು ಮಾಡಲಿ ತಾಯಿ? ನಾಲಗೆ ಮಾತು ಕೇಳಲ್ಲ," ಅಂತ ಕರಡಿ ಅತ್ತ.

ಇದನ್ನು ಕೇಳಿದ ಸಣ್ಣ ಬಳ್ಳಿ ಗಾಳಿಯನ್ನು ಕರೆಯಿತು. "ಗಾಳಿಯಪ್ಪ, ನನ್ನ ಎಲೆಯ ಸಿಹಿಯನ್ನೆಲ್ಲ ಊದಿಕೊಂಡು ಹೋಗು."

"ಹುಚ್ಚೀ, ಆಮೇಲೆ ನಿನ್ನನ್ನು ಯಾರು ಮೂಸಿ ನೋಡ್ತಾರೆ?"

"ಹೊಳೆ ಇದ್ದರಲ್ಲವಾ ನಾನಿರೋದು? ಊದು!"

ಗಾಳಿ ಊದಿತು. ಆ ಸಿಹಿಯೆಲ್ಲ ಹೋಗಿ ಕಬ್ಬಿನೊಳಗೆ ಬಿತ್ತು. ಬಳ್ಳಿಯ ಎಲೆ ಕಹಿಯಾಗಿ ಉಳಿಯಿತು.

"ಇದನ್ನು ಅಗಿ ಅಣ್ಣ," ಅಂದಿತು ಬಳ್ಳಿ.

ಕರಡಿ ಮುಖ ಕಿವುಚಿಕೊಂಡು ಎರಡು ಎಲೆ ಅಗಿದ. ಎಲೆಯ ರಸ ನಾಲಗೆಯ ಬಾಗಿಲಲ್ಲಿ ಕಾವಲು ಕೂತಿತು. "ಏ ಸಿಹಿ, ನಿಲ್ಲು! ಒಳಗೆ ಜಾಗ ಇಲ್ಲ."

ಕರಡಿ ಜೇನಕ್ಕನ ಮನೆಗೆ ಓಡಿ ಗಡಿಗೆ ಬಗ್ಗಿಸಿದ. "ಥೂ ಥೂ! ಜೇನಕ್ಕ, ಮನೆಗೆ ಬಂದವರಿಗೆ ಮರಳು ಬಡಿಸ್ತೀಯಾ?"

"ಮರಳಾ? ಇವತ್ತು ಬೆಳಗ್ಗೆಯ ಜೇನುತುಪ್ಪ ಕಣೋ!" ಜೇನಕ್ಕ ಬಿದ್ದು ಬಿದ್ದು ನಕ್ಕಳು.

ಮೊಲದ ಮನೆಯ ಬೆಲ್ಲವೂ ಮಣ್ಣು. ಪದ್ಧತಿಗೆ ಒಂದು ಚೂರು ಬಾಯಿಗಿಟ್ಟು ಕರಡಿ ಎದ್ದುಬಿಟ್ಟ. ದಿನಾ ಎಲೆ ಅಗಿದ, ದಿನಾ ಒಂದೇ ಚೂರಿಗೆ ಎದ್ದ. ಬಾಯಾರಿಕೆ ಇಳಿಯಿತು. ಗಾಯ ಮಾಯಿತು. ಬಂಡೆ ಬಂಡೆಯಾಗಿಯೇ ಕಂಡಿತು. ಹೊಳೆ ತುಂಬಿ, ಹಾಡಿಕೊಂಡು ಹರಿಯಿತು. ಇರುವೆಗಳು ಮಾತ್ರ ಒಂದು ವಾರ ಮುನಿಸಿಕೊಂಡಿದ್ದವು.

"ಬಳ್ಳಿ ತಂಗೀ," ಕರಡಿ ಗೋಗರೆದ, "ಜನ್ಮವೆಲ್ಲ ಮರಳೇನಾ?"

ಬಳ್ಳಿಗೆ ನಗು ಬಂತು. "ಬೇಡ ಬಿಡಣ್ಣ. ಎರಡು ಮನೆ ಸುತ್ತಿ ಬರುವಷ್ಟು ಹೊತ್ತು ಕಾವಲು, ಆಮೇಲೆ ಬಾಗಿಲು ತೆಗೀತೀನಿ."

ಆ ಬಳ್ಳಿಯೇ ಮಧುನಾಶಿನಿ. ಸಕ್ಕರೆ ಕಾಯಿಲೆಯ ಮದ್ದಿಗೆ ಪಂಡಿತರು ಅದನ್ನು ಹುಡುಕಿಕೊಂಡು ಹೋಗುವುದು, ಅದರ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಇವತ್ತಿಗೂ ಮರಳು ಅಗಿದ ಹಾಗಾಗುವುದು, ಸ್ವಲ್ಪ ಹೊತ್ತು ಬಿಟ್ಟರೆ ಸಿಹಿ ಮೆಲ್ಲಗೆ ಒಳಗೆ ಬರುವುದು, ಎಲ್ಲ ಆ ಕರಡಿಯಿಂದಲೇ.